ಆಪ್ತವಾಕ್ಯವೂ ಶ್ರವಣವೂ: ಪರರು ಸೂಚಿಸಿದ ಅಪರಿಚಿತ ಧ್ವನಿಮುದ್ರಿಕೆಗಳನ್ನು ಕುರಿತು

ಪರರು ಓದಿ ಮೆಚ್ಚಿದ ಗ್ರಂಥವನ್ನು ನಾವು ಓದುವುದಕ್ಕೂ, ಪರರು ಕೇಳಿ ಮೆಚ್ಚಿದ ಧ್ವನಿಮುದ್ರಿಕೆಯನ್ನು ನಾವು ಕೇಳುವುದಕ್ಕೂ ಒಂದು ಮುಖ್ಯವಾದ ವ್ಯತ್ಯಾಸವುಂಟು. ಗ್ರಂಥವು ನಾವರಿಯದ ಭಾಷೆಯಲ್ಲಿದ್ದರೆ ಮೊದಲ ಪುಟದಲ್ಲಿಯೇ ನಮ್ಮ ಅಜ್ಞಾನವು ನಮಗೆ ತಿಳಿದುಬರುತ್ತದೆ. ಮುಂದಕ್ಕೆ ಹೋಗಲಾರದೆ ಪುಸ್ತಕವನ್ನು ಮುಚ್ಚಿಡುತ್ತೇವೆ. ಸಂಗೀತದಲ್ಲಿ ಹಾಗಲ್ಲ. ಅರಿಯದ ಸಂಗೀತವೂ ಕಿವಿಯ ಮೇಲೆ ಬಿದ್ದೇ ಬೀಳುತ್ತದೆ. ತಟ್ಟೆಯು ತಿರುಗಿ ತನ್ನಷ್ಟಕ್ಕೆ ತಾನು ಮುಗಿಯುತ್ತದೆ. ಮುಗಿದ ಮೇಲೆ, ಕೇಳಿದೆವೆಂಬ ತೃಪ್ತಿಯೊಂದು ನಮ್ಮಲ್ಲಿ ಉಳಿಯುತ್ತದೆ. ಕೇಳಿದ್ದೇನು ಎಂದು ಯಾರಾದರೂ ಪ್ರಶ್ನಿಸಿದಾಗಲೇ ಕಷ್ಟ. ಆಗ ನಮ್ಮ ಬಾಯಿಗೆ ಬರುವುದು ಬಹುಮಟ್ಟಿಗೆ, ಆ ತಟ್ಟೆಯನ್ನು ನಮಗೆ ಸೂಚಿಸಿದವರ ಮಾತು.

ಈ ವಿಚಾರವನ್ನು ಕುರಿತು ಬರೆಯಲು ನನಗೆ ಕಾರಣವಾದದ್ದು ಒಂದು ಸಣ್ಣ ಸುಳ್ಳು. ಎರಡು ವರ್ಷಗಳ ಹಿಂದೆ ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನು, 'ಸಾರ್, ಇದನ್ನು ತಾವು ಒಮ್ಮೆ ಕೇಳಲೇಬೇಕು' ಎಂದು ಅಮೆರಿಕದ ಜಾಝ್ ಸಂಗೀತದ ಒಂದು ಆಲ್ಬಮ್ಮನ್ನು ನನ್ನ ದೂರವಾಣಿಗೆ ಕಳುಹಿಸಿಕೊಟ್ಟನು. ಅದು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಮತ್ತು ಸಂಗಡಿಗರು 1959ರಲ್ಲಿ ಹೊರತಂದ 'ಕೈಂಡ್ ಆಫ್ ಬ್ಲೂ'. ಒಂದು ಸಂಜೆ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತು ಅದನ್ನು ಆದ್ಯಂತವಾಗಿ ಕೇಳಿದೆ. ಸುಮಾರು 45 ನಿಮಿಷಗಳ ಸಂಗೀತ. ಪತ್ರಿಕೆಗಳ ಕಟ್ಟು ಮುಗಿಯಲಿಲ್ಲ, ಸಂಗೀತ ಮುಗಿಯಿತು. ಮರುವಾರ ಅವನು ಬಂದು ಹೇಗಿತ್ತೆಂದು ಕೇಳಿದಾಗ ನಾನು, ಜಪಾನಿನ ಚಿತ್ರಕಾರರು ತೆಳುವಾದ ಹಾಳೆಯ ಮೇಲೆ ಒಮ್ಮೆ ಎಳೆದ ಗೆರೆಯನ್ನು ತಿದ್ದಲಾರದೆ ಬರೆಯುವಂತೆ ಇವರೂ ನುಡಿಸಿದ್ದಾರೆ ಎಂದೆ. ಅವನಿಗೆ ಬಹಳ ಸಂತೋಷವಾಯಿತು. ಆದರೆ ಆ ಹೋಲಿಕೆ ನನ್ನದಲ್ಲ. ಅದೇ ಆಲ್ಬಮ್ಮಿನಲ್ಲಿ ಪಿಯಾನೊ ನುಡಿಸಿರುವ ಬಿಲ್ ಎವಾನ್ಸ್ ಅದರ ರಕ್ಷಾಕವಚದ ಮೇಲೆ ಅಚ್ಚಾದ ಟಿಪ್ಪಣಿಯಲ್ಲಿ ಮಾಡಿರುವ ಹೋಲಿಕೆ ಅದು. ನಾನು ಅದನ್ನು ಓದಿಕೊಂಡಿದ್ದೆ, ಅಷ್ಟೆ. ವಿಪರ್ಯಾಸವೆಂದರೆ ಅದೇ ವಾರ ನಾನು ತರಗತಿಯಲ್ಲಿ ಮತ್ತೊಬ್ಬ ವಿದ್ಯಾರ್ಥಿಯನ್ನು ಕಟುವಾಗಿ ಆಕ್ಷೇಪಿಸಿದ್ದೆ. 'ಎಪಿಗ್ರಾಫಿಯ ಕರ್ನಾಟಿಕ'ದ ಸಂಪುಟವನ್ನು ಕಣ್ಣಿಂದ ಕಾಣದೆ, ಯಾರದೋ ಪುಸ್ತಕದಿಂದ ಶಾಸನದ ಸಂಖ್ಯೆಯನ್ನು ಎತ್ತಿಕೊಂಡು, ತಾನೇ ನೋಡಿದಂತೆ ಪ್ರಬಂಧದಲ್ಲಿ ಉಲ್ಲೇಖಿಸಿದ್ದನೆಂಬುದು ಅವನ ಮೇಲಿದ್ದ ಅಪರಾಧ.

ಸಂಗೀತಶಾಸ್ತ್ರದಲ್ಲಿ ನನಗೆ ಅಧಿಕಾರವಿಲ್ಲವೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳಬೇಕು. ಬಾಲ್ಯದಲ್ಲಿ ಕಲಿತ ಸ್ವಲ್ಪ ಹಾಡುಗಾರಿಕೆ, ಆಮೇಲೆ ಬೆಳೆದ ಕೇಳ್ಮೆಯ ಅಭ್ಯಾಸ, ಇವಿಷ್ಟೇ ನನ್ನ ಬಂಡವಾಳ. ಆದರೆ ಸಾಕ್ಷಿಯೊಬ್ಬನ ಹೇಳಿಕೆಯನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬುದು ಇತಿಹಾಸದ ಅಧ್ಯಾಪಕನ ನಿತ್ಯದ ಕಸುಬು. ಪರರ ಮೆಚ್ಚಿಕೆಯೂ ಒಂದು ಹೇಳಿಕೆಯೇ ಆದುದರಿಂದ ಆ ಮಟ್ಟಿಗೆ ಈ ವಿಷಯದಲ್ಲಿ ನಾನು ಮಾತನಾಡಬಹುದೆಂದು ಭಾವಿಸುತ್ತೇನೆ.

ನಮ್ಮ ತಾರ್ಕಿಕರು ಪ್ರಮಾಣಗಳನ್ನು ಎಣಿಸುವಾಗ ಪ್ರತ್ಯಕ್ಷವನ್ನೂ ಶಬ್ದವನ್ನೂ ಬೇರೆಬೇರೆಯಾಗಿ ಇಟ್ಟರು. ಶಬ್ದವೆಂದರೆ ನಂಬತಕ್ಕವನ ಮಾತು, ಆಪ್ತವಾಕ್ಯ. 'ಈ ತಟ್ಟೆಯನ್ನು ಕೇಳಿ, ಅದ್ಭುತವಾಗಿದೆ' ಎಂಬುದು ಆಪ್ತವಾಕ್ಯ. ಕುಳಿತು ಕೇಳುವುದು ಪ್ರತ್ಯಕ್ಷ. ಎರಡನ್ನೂ ಕಲಸಬಾರದೆಂದು ಸುಲಭವಾಗಿ ಹೇಳಿಬಿಡಬಹುದು. ಕಲಸದೆ ಇರುವುದು ಅಷ್ಟು ಸುಲಭವಲ್ಲ. ಏಕೆಂದರೆ ಮೊದಲ ಸಲದ ಶ್ರವಣವು ನಿಜವಾಗಿ ಪ್ರತ್ಯಕ್ಷವೇ ಎಂಬುದು ಸಂಶಯಾಸ್ಪದ. ಕಿವಿಯು ಬರಿಗೈಯಲ್ಲಿ ಬರುವುದಿಲ್ಲ. ತಾನು ಹಿಂದೆ ಕೇಳಿದ್ದರ ಸಂಸ್ಕಾರವನ್ನೆಲ್ಲ ಹೊತ್ತುಕೊಂಡು ಬರುತ್ತದೆ. ನನ್ನ ಸುಳ್ಳಿನಿಂದ ನಾಚಿ, ಉತ್ತರಪತ್ರಿಕೆಗಳನ್ನು ಬದಿಗಿಟ್ಟು, ಆ ಆಲ್ಬಮ್ಮಿನ ಮೊದಲನೆಯ ರಚನೆಯಾದ 'ಸೋ ವಾಟ್' ಎಂಬುದನ್ನು ಎರಡನೆಯ ಸಲ ಕೇಳಲು ಕುಳಿತಾಗ ಇದು ನನಗೆ ಸ್ಪಷ್ಟವಾಯಿತು.

ಆ ರಚನೆಯ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಪಿಯಾನೊ ಮತ್ತು ಬಾಸ್ ಎಂಬ ದೊಡ್ಡ ತಂತಿವಾದ್ಯಗಳೆರಡೂ ತಾಳಕ್ಕೆ ಇನ್ನೂ ಬೀಳದಂತೆ ಒಂದು ಪೀಠಿಕೆಯನ್ನು ಹಾಕುತ್ತವೆ. ಅನಂತರ ಬಾಸ್ ವಾದ್ಯವೇ ಮುಖ್ಯವಾದ ಮಾತನ್ನು ಆಡುತ್ತದೆ. ಉಳಿದ ವಾದ್ಯಗಳು ಪ್ರತಿಸಲವೂ ಎರಡೇ ಎರಡು ಪೆಟ್ಟಿನಲ್ಲಿ ಅದಕ್ಕೆ ಉತ್ತರ ಕೊಡುತ್ತವೆ. ಭಜನೆಯಲ್ಲಿ ಒಬ್ಬನು ಹೇಳಿಕೊಡುವುದು, ಮಿಕ್ಕವರು ಒಪ್ಪಿಸುವುದು, ಹೆಚ್ಚುಕಡಮೆ ಹಾಗೆ. ನಾಲ್ಕು ಮಾತ್ರೆಯ 32 ಘಟಕಗಳು ಸೇರಿ ಒಂದು ಆವರ್ತ. ಈ ಆವರ್ತದಲ್ಲಿ ಮೊದಲಿನ 16 ಘಟಕಗಳು ಒಂದು ಸ್ವರಶ್ರೇಣಿಯ ಮೇಲೆ ನಿಲ್ಲುತ್ತವೆ. ಪಾಶ್ಚಾತ್ಯರು ಅದನ್ನು ಡೋರಿಯನ್ ಎನ್ನುತ್ತಾರೆ. ಸ್ವರಸ್ಥಾನಗಳ ದೃಷ್ಟಿಯಿಂದ ಅದು ನಮ್ಮ ಖರಹರಪ್ರಿಯ, ಹಿಂದೂಸ್ತಾನಿಯವರ ಕಾಫಿ ಥಾಟ್. ಮುಂದಿನ 8 ಘಟಕಗಳಲ್ಲಿ ಆ ಶ್ರೇಣಿಯನ್ನೇ ಸಮೂಲವಾಗಿ ಅರ್ಧಸ್ವರದಷ್ಟು ಮೇಲಕ್ಕೆ ಎತ್ತಿಡುತ್ತಾರೆ. ಕೊನೆಯ 8ರಲ್ಲಿ ಮತ್ತೆ ಮೊದಲಿನ ಸ್ಥಾನಕ್ಕೆ ಇಳಿಸುತ್ತಾರೆ. ಇಷ್ಟೇ ಅದರ ಕಟ್ಟಡ. ಇದರ ಮೇಲೆ ಟ್ರಂಪೆಟ್, ಎರಡು ಸ್ಯಾಕ್ಸೊಫೋನ್, ಪಿಯಾನೊ ಒಂದೊಂದಾಗಿ ಮನೋಧರ್ಮವನ್ನು ವಿಸ್ತರಿಸುತ್ತವೆ.

ನನ್ನ ಕಿವಿಗೆ ಮೊದಲ 16 ಘಟಕಗಳಲ್ಲಿ ತೊಂದರೆಯಿರಲಿಲ್ಲ. ಖರಹರಪ್ರಿಯದ ನೆರಳು ಸಿಕ್ಕಿತೆಂದು ಅದು ಸುಖವಾಗಿಯೇ ಇತ್ತು. ಆ 8 ಘಟಕಗಳಿಗೆ ಬಂದಾಗ ಅದು ತಡವರಿಸಿತು. ಕಾಲುನಿಮಿಷಕ್ಕೂ ಕಡಮೆಯ ಅವಧಿ ಅದು. ಆದರೆ ಆಧಾರಷಡ್ಜದ ಮೇಲೆ ಬೆಳೆದ ಕಿವಿಗೆ, ಯಾರೋ ಬಂದು ಕಚೇರಿಯ ನಡುವೆ ತಂಬೂರಿಯ ಬಿರಡೆಗಳನ್ನೆಲ್ಲ ತಿರುಗಿಸಿ ಷಡ್ಜವನ್ನು ಶುದ್ಧರಿಷಭದ ಸ್ಥಾನಕ್ಕೆ ಏರಿಸಿದಂತೆ ಆಗುತ್ತದೆ. ಹೊಂದಿಕೊಳ್ಳುವಷ್ಟರಲ್ಲಿ ಮತ್ತೆ ಇಳಿಸಿರುತ್ತಾರೆ. ಮೊದಲ ಸಲ ಕೇಳಿದಾಗ ಇದನ್ನು ನಾನು ಅಪಶ್ರುತಿಯೆಂದು ಒಳಗೊಳಗೇ ನಿರ್ಣಯಿಸಿ, ಗಮನವನ್ನು ಹಿಂದಕ್ಕೆ ಎಳೆದುಕೊಂಡು, ಉತ್ತರಪತ್ರಿಕೆಗಳ ಕಡೆಗೆ ತಿರುಗಿಸಿದ್ದೆನೆಂದು ಈಗ ಊಹಿಸಬಲ್ಲೆ. ಆಗ ನನಗೆ ಅದು ತಿಳಿದಿರಲಿಲ್ಲ.

ಎರಡನೆಯ ಸಲ ನಾನು ಮತ್ತೊಂದು ತಪ್ಪು ಮಾಡಿದೆ. ಇದು ನಮ್ಮ ಗ್ರಹಭೇದವೇ ಎಂದು ಸಮಾಧಾನ ಮಾಡಿಕೊಂಡೆ. ವಿದೇಶದ ವಸ್ತುವಿಗೆ ಸ್ವದೇಶದ ಹೆಸರೊಂದು ಸಿಕ್ಕಿದರೆ ನಮ್ಮಂಥವರಿಗೆ ದೊಡ್ಡ ಆನಂದ; ಇತಿಹಾಸದ ಬರವಣಿಗೆಯಲ್ಲಿಯೂ ಈ ರೋಗವುಂಟು. ಆದರೆ ಗ್ರಹಭೇದದಲ್ಲಿ ಸ್ವರಗಳು ಇದ್ದಲ್ಲಿಯೇ ಇರುತ್ತವೆ. ಅವುಗಳಲ್ಲಿ ಯಾವುದನ್ನು ಷಡ್ಜವೆಂದು ಭಾವಿಸುತ್ತೇವೆಂಬುದು ಮಾತ್ರ ಬದಲಾಗುತ್ತದೆ. ಇಲ್ಲಿ ಸ್ವರಗಳೇ ತಮ್ಮ ಷಡ್ಜದೊಡನೆ ಸ್ಥಾನವನ್ನು ಬಿಟ್ಟು ಏರುತ್ತವೆ. ಎರಡೂ ಬೇರೆ. ಮೂರನೆಯ ನಾಲ್ಕನೆಯ ಸಲ ಕೇಳಿದ ಮೇಲೆ, ಆ ಏರಿಕೆಗಾಗಿ ಕಾಯುವುದನ್ನು ನಾನು ಕಲಿತೆ. ಕಾಯುವುದನ್ನು ಕಲಿತ ಮೇಲೆ, ಡೇವಿಸ್ ಆ ತಿರುವಿನಲ್ಲಿ ಎಷ್ಟು ಕಡಮೆ ಸ್ವರಗಳನ್ನು ಬಳಸಿದ್ದಾರೆ, ಜಾನ್ ಕೋಲ್ಟ್ರೇನ್ ಅದೇ ತಿರುವನ್ನು ಎಷ್ಟು ಸ್ವರಗಳಿಂದ ತುಂಬಿದ್ದಾರೆ ಎಂಬುದು ಕೇಳಿಸಿತು. ಕ್ಯಾನನ್‌ಬಾಲ್ ಆಡರ್ಲಿಯವರು ನುಡಿಸುವ ಆಲ್ಟೊ ಸ್ಯಾಕ್ಸೊಫೋನ್ ನಮಗೆ ಕದ್ರಿ ಗೋಪಾಲನಾಥರ ಕೈಯಲ್ಲಿ ಕೇಳಿ ಪರಿಚಿತವಾದ ವಾದ್ಯ. ಆದುದರಿಂದ ನನ್ನ ಕಿವಿ ಅಲ್ಲಿ ಗಮಕಕ್ಕಾಗಿ ಹುಡುಕುತ್ತಲೇ ಇತ್ತು. ಸಿಗದಿದ್ದಾಗ ವಾದಕನನ್ನು ದೂರಿತು. ಪರಿಚಯವೂ ಕೆಲವೊಮ್ಮೆ ಅಪರಿಚಯದಷ್ಟೇ ಅಡ್ಡಿ.

ಇದರಲ್ಲಿ ಆಪ್ತವಾಕ್ಯವು ಮಾಡಿದ ಉಪಕಾರವೆಷ್ಟು? ನನ್ನ ವಿದ್ಯಾರ್ಥಿಯ ಮಾತಾಗಲಿ ಎವಾನ್ಸರ ಟಿಪ್ಪಣಿಯಾಗಲಿ ನನಗೆ ಆ 8 ಘಟಕಗಳನ್ನು ಕೇಳಿಸಲಿಲ್ಲ. ಆದರೆ ಅವರ ಮೆಚ್ಚಿಕೆಯಿಲ್ಲದಿದ್ದರೆ ನಾನು ಎರಡನೆಯ ಸಲ ಕೂರುತ್ತಿರಲಿಲ್ಲ. ಸಾಕ್ಷಿಯ ಮಾತು ಸತ್ಯವೆಂದಲ್ಲ, ಅದು ಅವಸರದಲ್ಲಿ ತಳ್ಳಿಹಾಕತಕ್ಕದ್ದಲ್ಲವೆಂದು ಒಪ್ಪಿಕೊಳ್ಳುವುದು: ಪರರ ಮೆಚ್ಚಿಕೆಗೆ ನಾವು ಸಲ್ಲಿಸಬೇಕಾದ ಋಣ ಇಷ್ಟೇ ಎಂದು ನನಗೆ ತೋರುತ್ತದೆ. ಮೆಚ್ಚಲೇಬೇಕೆಂಬ ಋಣವಿಲ್ಲ. ಎರಡನೆಯ ರಚನೆಯಾದ 'ಫ್ರೆಡ್ಡಿ ಫ್ರೀಲೋಡರ್' ನನಗೆ ಎಷ್ಟು ಸಲ ಕೇಳಿದರೂ ಉಳಿದ ನಾಲ್ಕರಷ್ಟು ಹಿಡಿಸಿಲ್ಲ. ಹಾಗೆ ಹೇಳಲು ಈಗ ನನಗೆ ಸಂಕೋಚವಿಲ್ಲ, ಏಕೆಂದರೆ ಅದು ಕೇಳಿ ಹೇಳಿದ ಮಾತು.

ಪ್ರಶಂಸೆಯು ಯಾವುದನ್ನು ಕುರಿತದ್ದು ಎಂಬ ಪ್ರಶ್ನೆಯೂ ಇಲ್ಲಿ ಏಳುತ್ತದೆ. 'ಕೈಂಡ್ ಆಫ್ ಬ್ಲೂ' ಮುದ್ರಣಗೊಂಡದ್ದು ನ್ಯೂಯಾರ್ಕಿನಲ್ಲಿ, ಕೊಲಂಬಿಯಾ ಸಂಸ್ಥೆಯ 30ನೆಯ ಬೀದಿಯ ಸ್ಟುಡಿಯೋದಲ್ಲಿ, 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು. ಮಾರ್ಚ್ 2ರಂದು ಮೂಲನಾಡಿಯನ್ನು ಮುದ್ರಿಸಿಕೊಂಡ ಯಂತ್ರವು ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ಮುದ್ರಿತವಾದ ನಾಡಿಯನ್ನು ಸರಿಯಾದ ವೇಗದಲ್ಲಿ ಓಡಿಸಿದಾಗ ಶ್ರುತಿಯು ಏರುತ್ತದೆ. ಹೀಗಾಗಿ ಅಂದು ಮುದ್ರಿತವಾದ ಮೂರು ರಚನೆಗಳು, ಎಂದರೆ ತಟ್ಟೆಯ ಮೊದಲ ಮುಖವೆಲ್ಲ, ವಾದಕರು ನುಡಿಸಿದ್ದಕ್ಕಿಂತ ತುಸು ಮೇಲಿನ ಶ್ರುತಿಯಲ್ಲಿ ಲೋಕಕ್ಕೆ ತಲಪಿದವು. ಈ ದೋಷವು ತಿದ್ದಲ್ಪಟ್ಟದ್ದು 1990ರ ದಶಕದಲ್ಲಿ. ಮೂರು ದಶಕಗಳ ಕಾಲ ಕೇಳುಗರು ಕೊಂಡಾಡಿದ್ದು, ಆ ಶ್ರುತಿಯಲ್ಲಿ ಯಾರೂ ನುಡಿಸದೆ ಇದ್ದ ಸಂಗೀತವನ್ನು! ಸಾಲದೆಂಬಂತೆ, ಮೊದಮೊದಲ ಪ್ರತಿಗಳಲ್ಲಿ ಎರಡನೆಯ ಮುಖದ ಎರಡು ರಚನೆಗಳ ಹೆಸರುಗಳು ಅದಲುಬದಲಾಗಿ ಅಚ್ಚಾಗಿದ್ದವು. 'ಬ್ಲೂ ಇನ್ ಗ್ರೀನ್' ಎಂಬುದು ಡೇವಿಸ್ಸರದೋ ಎವಾನ್ಸರದೋ ಎಂಬ ಕರ್ತೃತ್ವದ ವಿವಾದ ಬೇರೆ.

ಹಳಗನ್ನಡ ಗ್ರಂಥಸಂಪಾದನೆಯ ಪರಿಚಯವಿರುವವರಿಗೆ ಇದೆಲ್ಲ ಹೊಸದೇನೂ ಅಲ್ಲ. ಲಿಪಿಕಾರನ ಕೈತಪ್ಪು, ಗರಿಗಳ ಪಲ್ಲಟ, ಕರ್ತೃವಿನ ಅನಿಶ್ಚಯ, ಓಲೆಗರಿಯ ಕಟ್ಟಿಗೆ ಬರುವ ವಿಪತ್ತುಗಳೇ ಇವು. ಧ್ವನಿಮುದ್ರಿಕೆಯು ನಾದದ ಯಥಾರ್ಥವಾದ ಪ್ರತಿಬಿಂಬವೆಂದು ನಾವು ನಂಬುತ್ತೇವೆ. ಅದೂ ಒಂದು ಹಸ್ತಪ್ರತಿ. ತಟ್ಟೆಯ ಮೇಲಿನ ಹೆಸರು ತಪ್ಪಬಹುದೆಂಬ ಅರಿವು ಆ ಕಸುಬಿನವರಿಗೆ ಆರಂಭದಿಂದಲೂ ಇತ್ತು. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಯಲ್ಲಿ ಗೌಹರ್ ಜಾನರ ಹಾಡುಗಳನ್ನು ಮುದ್ರಿಸಿಕೊಂಡಾಗ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಗುರುತು ತಿಳಿಯಲೆಂದು ಆಕೆ ಹಾಡಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಸಾರುತ್ತಿದ್ದಳು. (ಆಕೆ ತನ್ನ ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು 1930ರಲ್ಲಿ ಇಲ್ಲಿಯೇ ತೀರಿಕೊಂಡಳೆಂಬುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಅರಿಯರು.) ಆ ಕಾಲದ ತಟ್ಟೆಯ ಮೇಲೆ ಮೂರು ನಿಮಿಷದ ಸಂಗೀತ ಹಿಡಿಸಿದರೆ ಹೆಚ್ಚು. ಅಂಥ ತಟ್ಟೆಗಳನ್ನು ಕೂಡಿಸಿ ಪುಸ್ತಕದಂತೆ ಹೊಲಿದ ಚೀಲಗಳಲ್ಲಿ ಮಾರುತ್ತಿದ್ದುದರಿಂದಲೇ 'ಆಲ್ಬಮ್' ಎಂಬ ಹೆಸರು ಹುಟ್ಟಿತು. 1948ರಲ್ಲಿ ಕೊಲಂಬಿಯಾ ಸಂಸ್ಥೆಯು ಮಿನಿಟಿಗೆ 33⅓ ಸುತ್ತು ತಿರುಗುವ ತಟ್ಟೆಯನ್ನು ಹೊರತಂದ ಮೇಲೆ ಒಂದು ಮುಖದಲ್ಲಿ 20 ನಿಮಿಷಕ್ಕೂ ಮೀರಿದ ಸಂಗೀತಕ್ಕೆ ಎಡೆಯಾಯಿತು. ಚೀಲ ಹೋಯಿತು, ಹೆಸರು ಉಳಿಯಿತು. ಅದರೊಡನೆ ಅಗಲವಾದ ರಕ್ಷಾಕವಚವೂ, ಅದರ ಬೆನ್ನಿನ ಮೇಲೆ ಟಿಪ್ಪಣಿ ಬರೆಯುವ ಪದ್ಧತಿಯೂ ಬೆಳೆದವು. ಶಿಫಾರಸು ಸರಕಿನ ಜೊತೆಗೇ ಮಾರಾಟವಾಗತೊಡಗಿತು.

ಹಾಗೆ ಮಾರಾಟವಾದ ಶಿಫಾರಸುಗಳಲ್ಲಿ ನಮ್ಮ ಸಂಗೀತಕ್ಕೆ ಸಂಬಂಧಿಸಿದ ಒಂದನ್ನು ಇಲ್ಲಿ ಪರಿಶೀಲಿಸಬೇಕು. 1955ರಲ್ಲಿ ಪಿಟೀಲು ವಿದ್ವಾಂಸ ಯೆಹೂದಿ ಮೆನುಹಿನ್ನರು ಅಮೆರಿಕಕ್ಕೆ ಭಾರತೀಯ ವಾದಕರೊಬ್ಬರನ್ನು ಕರೆಸಲು ಬಯಸಿದರು. ಮೊದಲು ಆಹ್ವಾನ ಹೋದದ್ದು ರವಿಶಂಕರರಿಗೆ. ಅವರು ಬರಲಾರದೆ ತಮಗೆ ಬದಲಾಗಿ ಸರೋದ್ ವಾದಕ ಅಲಿ ಅಕ್ಬರ್ ಖಾನರನ್ನು ಸೂಚಿಸಿದರು. ಶಿಫಾರಸಿನ ಮೇಲೊಂದು ಶಿಫಾರಸು. ಹಾಗೆ ನ್ಯೂಯಾರ್ಕಿಗೆ ಹೋದ ಖಾನರು ಚತುರಲಾಲರ ತಬಲಾದೊಡನೆ ನುಡಿಸಿ ಮುದ್ರಿಸಿದ 'ಮಾರ್ನಿಂಗ್ ಅಂಡ್ ಈವ್ನಿಂಗ್ ರಾಗಾಸ್' ಎಂಬ ತಟ್ಟೆಯು, ಹಿಂದೂಸ್ತಾನಿ ಸಂಗೀತವನ್ನು ದೀರ್ಘಾವಧಿಯ ತಟ್ಟೆಯ ಮೂಲಕ ಪಶ್ಚಿಮದ ಕೇಳುಗರಿಗೆ ಮುಟ್ಟಿಸಿದ ಮೊದಲ ಪ್ರಯತ್ನಗಳಲ್ಲಿ ಒಂದು. ಅದರಲ್ಲಿ ಮೆನುಹಿನ್ನರು ಟಿಪ್ಪಣಿ ಬರೆದು ಸುಮ್ಮನಾಗಲಿಲ್ಲ. ತಟ್ಟೆಯ ಮೇಲೆಯೇ ತಮ್ಮ ಕಂಠದಿಂದ ವಾದಕರನ್ನೂ ವಾದ್ಯಗಳನ್ನೂ ಪರಿಚಯ ಮಾಡಿಕೊಟ್ಟರು. ಇಂದು ಕೇಳುವ ನಮಗೆ ಅವರ ಮಾತು ಸ್ವಲ್ಪ ಶಾಲೆಯ ಪಾಠದಂತೆ ಕಾಣುತ್ತದೆ. ಆದರೂ ಆ ಮಾತಿಗೂ ಎವಾನ್ಸರ ಮಾತಿಗೂ ಇರುವ ಅಂತರವನ್ನು ಗಮನಿಸಬೇಕು. ಎವಾನ್ಸರದು ಉಪಮೆ, ಅದು ಸುಂದರವಾಗಿದೆ, ಆದರೆ ಸಂಗೀತವನ್ನು ಕೇಳದವನೂ ಅದನ್ನು ಒಪ್ಪಿಸಬಹುದು. ಒಪ್ಪಿಸಿದವನೊಬ್ಬನು ಈ ಲೇಖನವನ್ನು ಬರೆಯುತ್ತಿದ್ದಾನೆ. ಇದು ಸರೋದ್, ಇದು ತಬಲಾ ಎಂಬ ಮೆನುಹಿನ್ನರ ಮಾತನ್ನು ಒಪ್ಪಿಸಿ ಯಾರ ಮೆಚ್ಚಿಕೆಯನ್ನೂ ಗಳಿಸಲಾಗದು. ಅದು ಕಿವಿಯನ್ನು ಎಲ್ಲಿಡಬೇಕೆಂದು ತೋರಿಸಿ ಹಿಂದಕ್ಕೆ ಸರಿಯುತ್ತದೆ. ಇಂಥ ಸೂಚನೆಯೇ ಮೇಲೆಂದು ನನ್ನ ಅಭಿಪ್ರಾಯ. ವಿಮರ್ಶಕರು ಉಪಮೆಗಳಿಗಾಗಿ ಪಡುವ ಶ್ರಮದ ಅರ್ಧವನ್ನು ಇಂಥ ಸೂಚನೆಗಳಿಗೆ ಕೊಟ್ಟರೆ ಒಳ್ಳೆಯದಿತ್ತು.

ಬರಿಯ ಮೆಚ್ಚಿಕೆಯು ಕೇಳುಗರ ಸಮೂಹವನ್ನು ಎಲ್ಲಿಗೆ ಒಯ್ಯಬಲ್ಲುದೆಂಬುದಕ್ಕೆ ಪ್ರಸಿದ್ಧವಾದ ನಿದರ್ಶನವೊಂದಿದೆ. 1971ರ ಆಗಸ್ಟ್ 1ರಂದು, ಬಾಂಗ್ಲಾದೇಶದ ನಿರಾಶ್ರಿತರ ನೆರವಿಗಾಗಿ ಜಾರ್ಜ್ ಹ್ಯಾರಿಸನ್ ಮತ್ತು ರವಿಶಂಕರರು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಏರ್ಪಡಿಸಿದ ಕಚೇರಿಯಲ್ಲಿ, ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾರಖಾ ಇವರು ಮೊದಲು ಕುಳಿತು ವಾದ್ಯಗಳನ್ನು ಶ್ರುತಿಮಾಡಿಕೊಂಡರು. ಅದು ಮುಗಿದೊಡನೆ ಸಭೆಯು ಕರತಾಡನ ಮಾಡಿತು. ಶ್ರುತಿಮಾಡಿದ್ದೇ ಇಷ್ಟು ಹಿಡಿಸಿದ್ದರೆ ವಾದನವು ಇನ್ನೂ ಹಿಡಿಸೀತೆಂದು ಆಶಿಸುವುದಾಗಿ ರವಿಶಂಕರರು ವಿನೋದದಿಂದ ಹೇಳಿದರು. ಅದೇ ವರ್ಷ ಹೊರಬಂದ ಆಲ್ಬಮ್ಮಿನಲ್ಲಿ ಕರತಾಡನವೂ ಇದೆ, ಆ ಮಾತೂ ಇದೆ. ಭಾರತೀಯರು ಇದನ್ನು ನಗುತ್ತ ಹೇಳಿಕೊಳ್ಳುವುದು ವಾಡಿಕೆ. ನಾನೂ ಹಿಂದೆ ನಕ್ಕವನೇ. ಈಗ ಅಷ್ಟು ನಗು ಬರುವುದಿಲ್ಲ. ಆ ಸಭಿಕರು ಹ್ಯಾರಿಸನ್ನರನ್ನು ನಂಬಿ ಬಂದವರು. ಅವರು ಗೌರವಿಸುವ ಸಂಗೀತವನ್ನು ತಾವೂ ಗೌರವಿಸಬೇಕೆಂಬ ಸದ್ಭಾವದಿಂದ, ಎಲ್ಲಿ ಗೌರವಿಸಬೇಕೆಂದು ತಿಳಿಯದೆ, ಮೊದಲು ಸಿಕ್ಕಿದ ವಿರಾಮದಲ್ಲಿ ಗೌರವಿಸಿದರು. ಜಪಾನೀ ಚಿತ್ರಕಾರರ ಹೋಲಿಕೆಯನ್ನು ನಾನು ಒಪ್ಪಿಸಿದ್ದೂ ಅಂಥ ಕರತಾಡನವೇ. ವ್ಯತ್ಯಾಸವಿಷ್ಟೆ: ಅವರದು ಮುಗ್ಧತೆ, ನನ್ನದು ಪಾಂಡಿತ್ಯದ ವೇಷ.

ಇದಕ್ಕೆ ತೀರ ವಿರುದ್ಧವಾದ ಮಾರ್ಗವನ್ನು ಹಿಡಿದ ಶಿಫಾರಸುಗಾರನೊಬ್ಬನಿದ್ದಾನೆ. ಹ್ಯಾರಿ ಸ್ಮಿತ್ ಎಂಬ ಅಮೆರಿಕದ ಸಂಗ್ರಾಹಕನು, 1920ರ ದಶಕದ ಕೊನೆಯಲ್ಲಿಯೂ 1930ರ ದಶಕದ ಮೊದಲಲ್ಲಿಯೂ ಮುದ್ರಿತವಾಗಿ ಅಷ್ಟರಲ್ಲಿಯೇ ಜನರು ಮರೆತಿದ್ದ ಹಳ್ಳಿಗಾಡಿನ ಹಾಡುಗಳ ತಟ್ಟೆಗಳನ್ನು ಕೂಡಿಹಾಕಿ, ಅವುಗಳಿಂದ 84ನ್ನು ಆರಿಸಿ, 1952ರಲ್ಲಿ ಫೋಕ್‌ವೇಸ್ ಸಂಸ್ಥೆಯ ಮೂಲಕ ಆರು ದೀರ್ಘಾವಧಿಯ ತಟ್ಟೆಗಳಲ್ಲಿ 'ಆಂಥಾಲಜಿ ಆಫ್ ಅಮೆರಿಕನ್ ಫೋಕ್ ಮ್ಯೂಸಿಕ್' ಎಂದು ಹೊರತಂದನು. ಆಗ ಅವನಿಗೆ 29 ವರ್ಷ. ಈ ಸಂಗ್ರಹಕ್ಕೆ ಅವನು ಬರೆದ ಕೈಪಿಡಿ ವಿಚಿತ್ರವಾದದ್ದು. ಪ್ರತಿಯೊಂದು ಹಾಡಿಗೂ ಮೂಲತಟ್ಟೆಯ ಸಂಖ್ಯೆ, ಮುದ್ರಣದ ಕಾಲ, ಹಾಡಿದವರ ಹೆಸರು ಮುಂತಾದ ವಿವರಗಳನ್ನು ಶಾಸನಸಂಪಾದಕನಂತೆ ಕೊಡುತ್ತಾನೆ. ಹಾಡಿನ ಕಥೆಯನ್ನು ವೃತ್ತಪತ್ರಿಕೆಯ ತಲೆಬರಹದ ಧಾಟಿಯಲ್ಲಿ ಒಂದೆರಡು ಸಾಲಿನಲ್ಲಿ ಹೇಳುತ್ತಾನೆ. ಒಂದು ಸಂಗತಿಯನ್ನು ಮಾತ್ರ ಬೇಕೆಂದೇ ಹೇಳುವುದಿಲ್ಲ: ಹಾಡಿದವನು ಬಿಳಿಯನೋ ಕರಿಯನೋ ಎಂಬುದನ್ನು.

ಈ ಮೌನದ ಮಹತ್ತ್ವ ತಿಳಿಯಬೇಕಾದರೆ ಹಿನ್ನೆಲೆಯನ್ನು ಅರಿಯಬೇಕು. ಆ ಹಾಡುಗಳು ಮೊದಲು ಮುದ್ರಿತವಾದಾಗ ಕಂಪೆನಿಗಳು ಕರಿಯರ ತಟ್ಟೆಗಳನ್ನು ಒಂದು ಪಟ್ಟಿಯಲ್ಲಿಯೂ ಗುಡ್ಡಗಾಡಿನ ಬಿಳಿಯರ ತಟ್ಟೆಗಳನ್ನು ಮತ್ತೊಂದು ಪಟ್ಟಿಯಲ್ಲಿಯೂ ಮಾರುತ್ತಿದ್ದವು. ಕೇಳುವ ಮೊದಲೇ ಏನನ್ನು ಕೇಳಬೇಕೆಂಬುದು ನಿರ್ಣಯವಾಗಿರುತ್ತಿತ್ತು. ಸ್ಮಿತ್ತನು ಎರಡು ಪಟ್ಟಿಗಳನ್ನೂ ಹರಿದು, ಕಥನಗೀತೆ, ಸಮುದಾಯದ ಸಂಗೀತ, ಹಾಡು ಎಂಬ ಮೂರು ಭಾಗಗಳಲ್ಲಿ ಎಲ್ಲರನ್ನೂ ಕಲಸಿ ಕೂರಿಸಿದನು. ಮಿಸಿಸಿಪ್ಪಿ ಜಾನ್ ಹರ್ಟ್ ಎಂಬ ಕರಿಯ ಗಾಯಕನನ್ನು ಅನೇಕ ಕೇಳುಗರು ಬಹುಕಾಲ ಬಿಳಿಯನೆಂದೇ ತಿಳಿದಿದ್ದರೆಂದು ಅವನು ಮುಂದೆ ತೃಪ್ತಿಯಿಂದ ಹೇಳಿಕೊಂಡದ್ದುಂಟು. ಆ ಹರ್ಟನ ಕಥೆ ಇತಿಹಾಸದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ರುಚಿಸತಕ್ಕದ್ದು. 1928ರಲ್ಲಿ ಕೆಲವು ಹಾಡುಗಳನ್ನು ಮುದ್ರಿಸಿ, ತಟ್ಟೆಗಳು ಹೆಚ್ಚು ಮಾರಾಟವಾಗದೆ, ಅವನು ತನ್ನ ಹಳ್ಳಿಗೆ ಹಿಂದಿರುಗಿ ಹೊಲದ ಕೆಲಸದಲ್ಲಿ ಮರೆಯಾಗಿದ್ದನು. ಅವನ ಹಾಡೊಂದರಲ್ಲಿ ಆವಲಾನ್ ಎಂಬ ಊರಿನ ಹೆಸರಿತ್ತು. ಅದೇ ಒಂದು ಸುಳಿವನ್ನು ಹಿಡಿದು ಸಂಗ್ರಾಹಕನೊಬ್ಬನು 1963ರಲ್ಲಿ ಆ ಊರನ್ನು ಹುಡುಕಿಕೊಂಡು ಹೋದಾಗ ಹರ್ಟನು ಅಲ್ಲಿಯೇ ಇದ್ದನು. 1966ರಲ್ಲಿ ಸಾಯುವವರೆಗೆ ಸಹಸ್ರಾರು ಜನರ ಮುಂದೆ ಮತ್ತೆ ಹಾಡಿದನು. ಸ್ಥಳನಾಮವೊಂದರಿಂದ ಇಂಥ ಫಲ ಪಡೆದ ಶಾಸನಶಾಸ್ತ್ರಜ್ಞರು ಎಷ್ಟು ಮಂದಿ!

ಸ್ಮಿತ್ತನ ಮೌನವನ್ನು ನಾನು ಮೆಚ್ಚುತ್ತೇನೆ, ಪೂರ್ತಿಯಾಗಿ ಒಪ್ಪಲಾರೆ. ಇತಿಹಾಸವನ್ನು ಮರೆಮಾಡಿ ಕಿವಿಯನ್ನು ನಿರ್ಮಲಗೊಳಿಸಬಹುದೆಂಬುದು ಅವನ ನಂಬಿಕೆಯಾಗಿದ್ದಂತೆ ತೋರುತ್ತದೆ. ಮೊದಲ ಶ್ರವಣಕ್ಕೆ ಅದು ಸರಿ. ಆದರೆ ಹಾಡಿದವನು ಯಾವ ಪಟ್ಟಿಯಲ್ಲಿ, ಯಾವ ನಿರ್ಬಂಧಗಳ ನಡುವೆ ಹಾಡಿದನೆಂಬುದನ್ನು ಎಂದೆಂದಿಗೂ ಅರಿಯದಿದ್ದರೆ ನಮ್ಮ ಮೆಚ್ಚಿಕೆಯಲ್ಲಿ ಒಂದು ಬಗೆಯ ಅನ್ಯಾಯವೂ ಸೇರುತ್ತದೆ. ಮೊದಲು ಕಿವಿ, ಆಮೇಲೆ ಕೈಪಿಡಿ, ಅನಂತರ ಮತ್ತೆ ಕಿವಿ: ಈ ಕ್ರಮವೇ ಯುಕ್ತವೆಂದು ನನ್ನ ಅನುಭವ. ಕೈಪಿಡಿಯನ್ನು ಮೊದಲು ಓದಿದವನ ಗತಿ ಏನಾಗುತ್ತದೆಂಬುದನ್ನು ಮೇಲೆ ಹೇಳಿಯಾಗಿದೆ.

ಈಗಿನ ದಿನಗಳಲ್ಲಿ ಯಂತ್ರವೂ ಶಿಫಾರಸು ಮಾಡುತ್ತದೆಂಬುದನ್ನು ವಿದ್ಯಾರ್ಥಿಗಳು ನನಗಿಂತ ಚೆನ್ನಾಗಿ ಬಲ್ಲರು. ನೀವು ಇದನ್ನು ಕೇಳಿದಿರಿ, ಆದುದರಿಂದ ಅದನ್ನೂ ಕೇಳಿ ಎನ್ನುತ್ತದೆ. ಅದರ ಸೂಚನೆಯಿಂದ ನನಗೆ ಕೆಲವು ಒಳ್ಳೆಯ ತಟ್ಟೆಗಳು ದೊರೆತಿವೆ, ಇಲ್ಲವೆನ್ನಲಾರೆ. ಆದರೆ ಮರುವಾರ ಬಂದು, 'ಸಾರ್, ಹೇಗಿತ್ತು?' ಎಂದು ಅದು ಕೇಳುವುದಿಲ್ಲ. ಯಂತ್ರಕ್ಕೆ ಸುಳ್ಳು ಹೇಳುವ ಪ್ರಸಂಗವೇ ಇಲ್ಲ. ಆದುದರಿಂದ ನಾಚಿ ಎರಡನೆಯ ಸಲ ಕೇಳುವ ಪ್ರಸಂಗವೂ ಇಲ್ಲ.

ಕಳೆದ ವರ್ಷ ನಾನು ಆ ವಿದ್ಯಾರ್ಥಿಯನ್ನು ಕರೆದು ನಿಜವನ್ನು ಹೇಳಿದೆ. ಅವನು ಮೊದಲು ಪೆಚ್ಚಾದನು, ಆಮೇಲೆ ನಕ್ಕನು. ಅವನಿಗೆ ಪ್ರತಿಯಾಗಿ ನಾನೇನನ್ನಾದರೂ ಕೊಡಬೇಕೆನ್ನಿಸಿ, ಪಂಡಿತ ಮಲ್ಲಿಕಾರ್ಜುನ ಮನ್ಸೂರರ ಒಂದು ಧ್ವನಿಮುದ್ರಿಕೆಯನ್ನು ಕೇಳೆಂದು ಕೊಟ್ಟೆ. ಧಾರವಾಡದ ಬಳಿಯ ಮನ್ಸೂರಿನಲ್ಲಿ 1910ರಲ್ಲಿ ಹುಟ್ಟಿ, ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀಖಾನ್ ಭೂರ್ಜೀಖಾನರಲ್ಲಿ ಕಲಿತು, ಜಯಪುರ-ಅತ್ರೌಲಿ ಘರಾಣೆಯ ಗಾಯಕಿಯನ್ನು 1992ರವರೆಗೆ ಬಾಳಿಸಿದ ಮಹನೀಯರು ಅವರು. ಹುಡುಗನ ಮನೆಯಲ್ಲಿ ಹಿಂದೂಸ್ತಾನಿ ಸಂಗೀತದ ರೂಢಿಯಿಲ್ಲ; ಜಾಝ್ ಅವನಿಗೆ ಹತ್ತಿರ, ಧಾರವಾಡ ದೂರ. ಆದುದರಿಂದ ಏನನ್ನೂ ಹೇಳದೆ ಕೊಡಬೇಕೆಂದು ನಿಶ್ಚಯಿಸಿಕೊಂಡಿದ್ದೆ. ಕೊಡುವಾಗ ಬಾಯಿ ನಿಲ್ಲಲಿಲ್ಲ. ಇಂಥವರು ಮತ್ತೆ ಹುಟ್ಟುವುದಿಲ್ಲವೆಂದೆ. ಶಿವಶರಣರ ವಚನದಷ್ಟು ಬಿಗಿಯಾದ ಗಾನವೆಂದೆ. ಇನ್ನೂ ಏನೇನೋ ಅಂದೆ. ಎವಾನ್ಸರನ್ನು ಆಕ್ಷೇಪಿಸಿದವನೇ ಉಪಮೆಗಳ ಸುರಿಮಳೆ ಕರೆದೆ.

ಒಂದು ತಿಂಗಳು ಅವನು ನನ್ನ ಕೊಠಡಿಯ ಕಡೆ ಸುಳಿಯಲಿಲ್ಲ. ಎದುರಿಗೆ ಸಿಕ್ಕಿದಾಗ ನಮಸ್ಕಾರ ಮಾಡಿ ಬೇಗ ಬೇಗ ಹೋಗಿಬಿಡುತ್ತಿದ್ದನು. ಅವನಿಗೆ ಹಿಡಿಸಲಿಲ್ಲವೆಂದೂ, ನನ್ನ ಹೊಗಳಿಕೆಯ ಭಾರದಿಂದ ಅದನ್ನು ಹೇಳಲಾರದೆ ಹೋಗಿರುವನೆಂದೂ ನನಗೆ ಅರ್ಥವಾಯಿತು. ಕೇಳಬಾರದೆಂದು ನಾನೂ ಸುಮ್ಮನಿದ್ದೆ. ಪರೀಕ್ಷೆಗಳು ಮುಗಿದ ಮೇಲೆ ಒಂದು ಮಧ್ಯಾಹ್ನ ತಾನಾಗಿಯೇ ಬಂದು ನಿಂತನು. ಮೊದಲ ಎರಡು ಸಲ ತನಗೆ ಏನೂ ತಿಳಿಯಲಿಲ್ಲವೆಂದೂ, ಆಮೇಲೆ ತಬಲಾದ ಹದಿನಾರು ಮಾತ್ರೆಗಳನ್ನು ಬೆರಳಿನಲ್ಲಿ ಎಣಿಸುತ್ತ ಕೇಳಿದೆನೆಂದೂ ಹೇಳಿ, ಹೀಗೆ ಕೇಳಿದನು:

'ಸಾರ್, ಅವರು ತಾನ್ ಮುಗಿಸಿ ಸಮಕ್ಕೆ ಬರುವರೆಂದು ನಾನು ಕಾದಿರುತ್ತೇನೆ. ಅವರು ನಾನು ಕಾದಿರುವ ಬಾಗಿಲಿನಿಂದ ಬರುವುದಿಲ್ಲ. ಪಕ್ಕದಿಂದ ಬಂದು ಆಗಲೇ ಕೂತುಬಿಟ್ಟಿರುತ್ತಾರೆ. ಉಸಿರನ್ನು ಎಲ್ಲಿ ಎಳೆದುಕೊಂಡರೆಂಬುದೂ ಗೊತ್ತಾಗುವುದಿಲ್ಲ. ಅದು ಬೇಕೆಂದೇ ಮಾಡುವುದೋ ಅಥವಾ ನನ್ನ ಎಣಿಕೆ ತಪ್ಪುತ್ತಿದೆಯೋ?'

ಆ ಧ್ವನಿಮುದ್ರಿಕೆಯನ್ನು ನಾನು ಹದಿನೈದು ವರ್ಷಗಳಿಂದ ಕೇಳುತ್ತಿದ್ದೇನೆ. ಎಣಿಸುತ್ತ ಕೇಳಿದ್ದಿಲ್ಲ. ಅವನನ್ನು ಕುಳ್ಳಿರಿಸಿ, ಬಾಗಿಲನ್ನು ಮುಂದೆ ಮಾಡಿ, ಆ ಸ್ಥಳವೆಲ್ಲಿದೆ ತೋರಿಸಪ್ಪಾ ಎಂದು ಇಬ್ಬರೂ ಬೆರಳು ಮಡಿಸುತ್ತ ಮೊದಲಿನಿಂದ ಕೇಳಲು ಆರಂಭಿಸಿದೆವು.